ಜೋಕು ಬಾಯಿಗೆ ಬಂದಿದೆ, ದೋಸ್ತ ಪಕ್ಕದಲ್ಲೇ ಇದ್ದಾನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನು ಬರೆಯೋಕೆ ನೀವ್ಯಾರು?

ಹುಬ್ಬಳ್ಳಿಯವನು. ಚಿಕ್ಕಂದಿನಿಂದ ಚಾಷ್ಟಿ ಮಾಡುವವನು ಅಂತಲೇ ಹೆಸರು. ಮದುವೆ ಇರಲಿ, ಮಣ್ಣಿಗೆ ಹೋದ ಮನೆ ಇರಲಿ, ನಾನು ಕೂತ ಕಡೆ ನಾಲ್ಕು ಜನ ಬಂದು ಕೂರುತ್ತಾರೆ. ಅದೇ ಬಾಯಿಂದ ಒಬ್ಬ ದೋಸ್ತನನ್ನು 14 ತಿಂಗಳು ಕಳಕೊಂಡಿದ್ದೆ. ಆ ಕಥೆ ಗೊತ್ತಾದ ಮೇಲೆ ಜನ ಬಂದು ತಿರುಗಾಮುರುಗಾ ಅದೇ ಪ್ರಶ್ನೆ ಕೇಳೋಕೆ ಶುರು ಮಾಡಿದರು. ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಪೆಟ್ಟು ತಿಂದವನೂ ಅಲ್ಲ, ಕೊಟ್ಟವನು. ಆ ಕಡೆಯಿಂದಲೇ ಹೇಳುತ್ತೇನೆ.

ಅವನ ಕಥೆ ಬರೀತಾ ಇದ್ದೀರಲ್ಲ, ಅವನಿಗೆ ಗೊತ್ತಾ?

ಗೊತ್ತು. ಮೊದಲು ಅವನಿಗೇ ಓದೋಕೆ ಕೊಟ್ಟೆ. ಎರಡು ಸಾಲು ತೆಗೆಸಿದ. ಯಾವುವು ಅಂತ ಕೇಳಬೇಡಿ. ಹೆಸರೂ ಬೇಡ ಅಂದ, ಹಾಕಿಲ್ಲ.

ಅಂಥದ್ದೇನು ಅಂದಿದ್ರಿ?

ಅವನು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷ ಕೆಎಎಸ್‌ಗೆ ಓದಿದವನು. ಸಪ್ತಾಪುರ ನೋಡಿದವರಿಗೆ ಹೇಳಬೇಕಾಗಿಲ್ಲ. ಓಣಿಗೆ ನಾಲ್ಕು ಕೋಚಿಂಗ್ ಕ್ಲಾಸು, ಝೆರಾಕ್ಸ್ ಅಂಗಡಿ, ಖಾನಾವಳಿ, ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಓಡಾಡುವ ಉತ್ತರ ಕರ್ನಾಟಕದ ಅರ್ಧ ಹುಡುಗರು. ಒಂದು ರಾತ್ರಿ ಫೋನ್ ಮಾಡಿ ಹೇಳಿದ. ಒಂದು ವರ್ಷದಿಂದ ಯಾವ ಅರ್ಜಿಯನ್ನೂ ತುಂಬಿಲ್ಲವಂತೆ. ಓದೋಕೆ ಆಗ್ತಿಲ್ಲ, ಪುಸ್ತಕ ತೆಗೆದರೆ ಎದೆ ಹೊಡೆದುಕೊಳ್ಳುತ್ತೆ, ಮನೆಯಲ್ಲಿ ಹೇಳೋ ಧೈರ್ಯ ಇಲ್ಲ ಅಂದ. "ನಿನಗಷ್ಟ ಹೇಳಾಕತ್ತೀನಿ" ಅಂತ ಎರಡು ಸಲ ಅಂದ.

ಅದಾದ ಮೂರು ವಾರಕ್ಕೆ ಗದಗದಲ್ಲಿ ನಮ್ಮಿಬ್ಬರಿಗೂ ಬೇಕಾದವರ ಮದುವೆ. ಪಂಕ್ತಿಯಲ್ಲಿ ಕೂತಿದ್ದೆವು. ಎಲೆಗೆ ಮಾದಲಿ ಬಂದಿತ್ತು, ಮೇಲೆ ತುಪ್ಪ ಹಾಕುತ್ತಾ ಹೊರಟಿದ್ದರು. ಎದುರು ಸಾಲಿನ ಹಿರಿಯರೊಬ್ಬರು ಅವನನ್ನು ನೋಡಿ, "ಏನಪಾ, ಇನ್ನೂ ಧಾರವಾಡದಾಗ ಓದಾಕತ್ತೀಯೇನು?" ಅಂದರು. ಅವನು ಬಾಯಿ ತೆರೆಯೋಕೂ ಬಿಡಲಿಲ್ಲ ನಾನು.

"ಅರ್ಜಿ ತುಂಬೋದು ಬಿಟ್ಟು ವರ್ಷಾತ್ರೀ. ಈಗ ಬರೇ ಬಾಡಿಗಿ ತುಂಬತಾನ."

ನಮ್ಮ ಕಡೆ ಅರ್ಜಿಯನ್ನೂ ತುಂಬುತ್ತಾರೆ, ಬಾಡಿಗೆಯನ್ನೂ ತುಂಬುತ್ತಾರೆ, ಆದ್ದರಿಂದ ಮಾತು ಕೂತಿತು. ಇಡೀ ಸಾಲು ನಕ್ಕಿತು. ಈಗಲೂ ಹೇಳುತ್ತೇನೆ, ಜೋಕು ಕೆಟ್ಟದಿರಲಿಲ್ಲ. ಕೆಟ್ಟದಿದ್ದಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಬಚಾವಾಗುತ್ತಿದ್ದೆ. ಅವನ ಅಪ್ಪ ಎರಡು ಎಲೆ ಆಚೆ ಕೂತಿದ್ದರು. ಅವರು ನಗಲಿಲ್ಲ. ಮಗನ ಕಡೆ ತಿರುಗಿಯೂ ನೋಡಲಿಲ್ಲ. ಬಡಿಸುವ ಹುಡುಗನಿಗೆ ತುಪ್ಪ ಸಾಕು ಅಂತ ಕೈ ಅಡ್ಡ ಹಿಡಿದರು. ಹುಡುಗ ಮುಂದಿನ ಎಲೆಗೆ ಹೋದ ಮೇಲೂ ಆ ಕೈ ಹಾಗೇ ಇತ್ತು. ನನ್ನ ದೋಸ್ತ ಮಾದಲಿ ಕಲಸಿದ, ಕಲಸಿದ, ಕಲಸುತ್ತಲೇ ಇದ್ದ.

ಇಷ್ಟಕ್ಕೆ 14 ತಿಂಗಳು ಮಾತು ಬಿಡೋದಾ?

ನಾನೂ ಮೊದಲ ಎರಡು ತಿಂಗಳು ಇದನ್ನೇ ಕೇಳಿಕೊಂಡು ಓಡಾಡಿದೆ. "ಇಷ್ಟಕ್ಕ ಸಿಟ್ಟಾದ್ರ ಹೆಂಗಪಾ" ಅಂತ ಉಳಿದ ದೋಸ್ತರ ಹತ್ತಿರ ಹೇಳಿದೆ, ಅವರೂ ತಲೆ ಆಡಿಸಿದರು. ಒಳಗಿನದನ್ನು ನಿಮ್ಮ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಆಡದವನು, ನೀವು ಅದನ್ನೇ ನಾಲ್ಕು ಜನರ ಮುಂದೆ ಹರವಿದ ಮೇಲೆ ಯಾರ ಹತ್ತಿರ ಹೋಗಬೇಕು? ಇದು ಆಗ ಹೊಳೆಯಲಿಲ್ಲ.

ನಮ್ಮ ಕಡೆ ದೋಸ್ತಿ ಅಂದ್ರೇನೇ ಬೈದಾಡೋದು ಅಲ್ವಾ? ಮರ್ಯಾದೆ ಕೊಟ್ಟು ಮಾತಾಡಿದ್ರೆ ಅನುಮಾನ ಬರುತ್ತೆ!

ಖರೇ. ಹುಬ್ಬಳ್ಳಿಯಲ್ಲಿ ಹಳೇ ದೋಸ್ತ "ಬನ್ರೀ, ಕೂಡ್ರಿ" ಅಂದರೆ ಸಾಲ ಕೇಳೋಕೆ ಬಂದಿದ್ದಾನೆ ಅಂತಲೇ ಅರ್ಥ. ಲೇ ಮಗನ ಅನ್ನದೆ ನಮಗೆ ಮಾತೇ ಶುರುವಾಗೋದಿಲ್ಲ. ಹೊರಗಿನವರು ಕೇಳಿದರೆ ಜಗಳ ಅಂದುಕೊಳ್ಳುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಆ ಬೈಗುಳದಲ್ಲಿ ಸುದ್ದಿ ಇರೋದಿಲ್ಲ, ಗಮನಿಸಿ. "ಲೇ ಖೋಡಿ" ಅಂದರೆ ಅವನ ಬಗ್ಗೆ ಯಾರಿಗೂ ಹೊಸದೇನೂ ಗೊತ್ತಾಗೋದಿಲ್ಲ. ಬಾಡಿಗೆ ಜೋಕಿನಲ್ಲಿ ಸುದ್ದಿ ಇತ್ತು. ಆ ಸುದ್ದಿ ನನ್ನದಾಗಿರಲಿಲ್ಲ.

ನಮ್ಮಲ್ಲಿ ಗೇಲಿಗೆ ಜಾಗ ಇಲ್ಲ ಅಂತಲ್ಲ, ಜಾಸ್ತಿಯೇ ಇದೆ. ಮದುವೆಯಲ್ಲಿ ಬೀಗರ ಹಾಡು ಅಂತ ಹೆಣ್ಣುಮಕ್ಕಳು ಬೀಗರ ಮರ್ಯಾದೆಯನ್ನೆಲ್ಲ ತೆಗೆಯುತ್ತಾರೆ, ಬೀಗರು ನಗುತ್ತಾ ಕೂರಬೇಕು. ಭಾವ ಮೈದುನರ ನಡುವೆಯೂ ಇದು ನಡೆಯುತ್ತೆ. ರ್‍ಯಾಡ್‌ಕ್ಲಿಫ್ ಬ್ರೌನ್ ಅನ್ನುವ ಮಾನವಶಾಸ್ತ್ರಜ್ಞ 1940ರಲ್ಲಿ ಇಂಥ ಚಾಷ್ಟಿ ಸಂಬಂಧಗಳ ಬಗ್ಗೆಯೇ ಒಂದು ಲೇಖನ ಬರೆದ. ಕೆಲವು ನಂಟುಗಳಲ್ಲಿ ಒಬ್ಬ ಗೇಲಿ ಮಾಡಬಹುದು, ಕೆಲವೊಮ್ಮೆ ಮಾಡಲೇಬೇಕು, ಇನ್ನೊಬ್ಬ ಸಿಟ್ಟಾಗುವಂತಿಲ್ಲ, ಇದು ಪದ್ಧತಿಯೇ ಕೊಟ್ಟ ಪರವಾನಗಿ ಅಂತ ಅವನ ಮಾತು. ಹೋಳಿಯೂ ಹಾಗೇ. ಕಾಮಣ್ಣನ ಮುಂದೆ ಹಲಗಿ ಬಡಿದುಕೊಂಡು, ಲಬೋ ಲಬೋ ಅಂತ ಬಾಯಿ ಬಡಿದುಕೊಂಡು ಯಾರಿಗೆ ಏನಂದರೂ ನಡೆಯುತ್ತೆ. ಹುಬ್ಬಳ್ಳಿಯಲ್ಲಿ ರಂಗಪಂಚಮಿಗೆ ಬಣ್ಣ ಆಡಿ, ಸ್ನಾನ ಮಾಡಿದರೆ ಮುಗೀತು. ಮರುದಿನ ಅದೇ ಮಾತು ಆಡಿ ನೋಡಿ, ಹಲ್ಲು ಉಳಿಯೋದಿಲ್ಲ. ದೋಸ್ತಿಗೆ ಇಂಥ ಕ್ಯಾಲೆಂಡರ್ ಇಲ್ಲ. ಪರವಾನಗಿ ಕೊಡುವವನು ಅವನೇ, ವಾಪಸ್ ತೆಗೆದುಕೊಳ್ಳುವವನೂ ಅವನೇ, ಅದನ್ನು ಹೇಳಿ ತೆಗೆದುಕೊಳ್ಳುವುದಿಲ್ಲ ಅನ್ನೋದೇ ತ್ರಾಸು.

ಆದ್ರೆ ಅವನೂ ನಕ್ಕಿದ್ದ!

ಎಲ್ಲರೂ ಇದನ್ನೇ ಕೇಳುತ್ತಾರೆ. ನನ್ನ ದೋಸ್ತನೂ ಅವತ್ತು ನಕ್ಕಿದ್ದ, ಎಲೆ ನೋಡುತ್ತಾ. ನಾಲ್ಕು ಜನ ನಗುವಾಗ ನಗದೇ ಕೂತರೆ ಎಲ್ಲರ ಕಣ್ಣು ಅವನ ಮೇಲೇ ಬೀಳುತ್ತೆ, ಅದಕ್ಕಿಂತ ನಕ್ಕು ಬಿಡೋದು ಸಲೀಸು.

ನಗು ಅಂದರೆ ಜೋಕಿಗೆ ಕೊಟ್ಟ ಮಾರ್ಕ್ಸು ಅಂತ ನಾವು ತಿಳಿದಿದ್ದೇವೆ. ಅಮೆರಿಕದ ರಾಬರ್ಟ್ ಪ್ರೊವೈನ್ ಅನ್ನುವ ವಿಜ್ಞಾನಿ ಅಂಗಡಿ ಸಾಲು, ಕಾಲೇಜು ಆವರಣ ಅಂತ ಸುತ್ತಿ ಜನ ನಗುವ ಸುಮಾರು 1,200 ಪ್ರಸಂಗ ಬರೆದುಕೊಂಡ. ನಗುವಿಗೆ ಮುಂಚಿನ ಮಾತುಗಳಲ್ಲಿ ಜೋಕು ಅನ್ನಬಹುದಾದವು ನೂರಕ್ಕೆ 20 ಕೂಡ ಇರಲಿಲ್ಲ. ಉಳಿದದ್ದೆಲ್ಲ "ಸರಿ, ಬರ್ತೀನಿ" ಅನ್ನುವಂಥ ಸಪ್ಪೆ ಮಾತು. ನಗು ಬಹಳ ಸಲ ನಿಮ್ಮ ಜೊತೆ ಇದ್ದೇನೆ ಅನ್ನುವುದಕ್ಕೆ ಹಾಕುವ ಸಹಿ. ಕಾಗದದಲ್ಲಿ ಏನು ಬರೆದಿದೆ ಅಂತ ಓದದೇ ಹಾಕುವ ಸಹಿಯೂ ಇರುತ್ತಲ್ಲ.

ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ಲೆಕ್ಕಕ್ಕೆ ಬರೋದಿಲ್ವಾ?

ನಿಮ್ಮ ಲೆಕ್ಕಕ್ಕೆ ಬರುತ್ತೆ. ಅವನ ಲೆಕ್ಕಕ್ಕೆ ಬರೋಕೆ ಅವನಿಗೆ ಅದು ಕಾಣಬೇಕಲ್ಲ. ಜಸ್ಟಿನ್ ಕ್ರೂಗರ್ ಮತ್ತು ಜೊತೆಗಾರರು 2006ರಲ್ಲಿ ಗೇಲಿಯ ಬಗ್ಗೆಯೇ ಅಧ್ಯಯನ ಮಾಡಿದರು. ಗೇಲಿ ಮಾಡಿದವನಿಗೆ ಅದು ಪ್ರೀತಿಯ ಮಾತು ಅನ್ನಿಸುತ್ತೆ, ಯಾಕೆಂದರೆ ತನ್ನ ಉದ್ದೇಶ ಅವನಿಗೆ ಗೊತ್ತು. ಮಾಡಿಸಿಕೊಂಡವನಿಗೆ ಅಷ್ಟು ಸೌಮ್ಯವಾಗಿ ಕಾಣೋದಿಲ್ಲ, ಯಾಕೆಂದರೆ ಅವನಿಗೆ ಸಿಕ್ಕಿದ್ದು ಮಾತು ಮಾತ್ರ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತ ನಮ್ಮಜ್ಜಿ ಇದನ್ನು ಯಾವ ಅಧ್ಯಯನವೂ ಇಲ್ಲದೆ ಹೇಳುತ್ತಿದ್ದಳು.

ವಾಟ್ಸಾಪ್ ಗ್ರೂಪಿನಲ್ಲಿ ಆದ್ರೆ? ಅಲ್ಲಿ ನಗುವ ಮುಖ ಹಾಕಬಹುದಲ್ಲ.

ಆ ನಗುವ ಮುಖ ಹುಟ್ಟಿದ್ದೇ ಒಂದು ಜೋಕು ಕೆಟ್ಟದ್ದಕ್ಕೆ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗಳಲ್ಲಿ ಲಿಫ್ಟು, ಪಾದರಸ ಅಂತ ಒಂದು ತಮಾಷೆ ನಡೆದು, ಅಲ್ಲಿ ನಿಜವಾಗಿ ಪಾದರಸ ಚೆಲ್ಲಿದೆ ಅಂತ ಕೆಲವರು ತಿಳಿದುಕೊಂಡರು. ಆಗ ಸ್ಕಾಟ್ ಫಾಲ್ಮನ್ ಅನ್ನುವವರು, ಜೋಕು ಇದ್ದಲ್ಲಿ ಎರಡು ಚುಕ್ಕೆ, ಒಂದು ಗೆರೆ, ಒಂದು ಕಂಸ ಹಾಕಿ ಅಂತ ಸಲಹೆ ಕೊಟ್ಟರು. 40 ವರ್ಷ ದಾಟಿತು. ಗ್ರೂಪುಗಳಲ್ಲಿ ಜಗಳ ಕಡಿಮೆ ಆಗಿದೆಯಾ ನೀವೇ ಹೇಳಿ.

ಬರೆದ ಮಾತಿಗೆ ದನಿ ಇಲ್ಲ. ಇದೇ ಕ್ರೂಗರ್, ಎಪ್ಲಿ ಮುಂತಾದವರು 2005ರಲ್ಲಿ ಇದನ್ನೂ ಅಳೆದು ನೋಡಿದ್ದಾರೆ. ಕೊಂಕಿನ ಮಾತನ್ನು ಇಮೇಲಿನಲ್ಲಿ ಕಳಿಸಿದವರು ನೂರಕ್ಕೆ 78 ಸಲ ಎದುರಿನವರಿಗೆ ತಿಳಿಯುತ್ತೆ ಅಂದುಕೊಂಡಿದ್ದರು, ನಿಜಕ್ಕೂ ತಿಳಿದದ್ದು 56. ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ಮೇಲು. ಅದಕ್ಕಿಂತ ದೊಡ್ಡ ತೊಂದರೆ, ಕಟ್ಟೆಯ ಮೇಲೆ ಆಡಿದ ಮಾತು ಗಾಳಿಗೆ ಹೋಗುತ್ತೆ, ಗ್ರೂಪಿನಲ್ಲಿ ಬರೆದದ್ದು ಅವನು ರಾತ್ರಿ ಎರಡಕ್ಕೆ ಎದ್ದು ಮತ್ತೆ ಓದೋಕೆ ಸಿಗುತ್ತೆ. ನನ್ನ ನಿಯಮ: ಗ್ರೂಪಿನಲ್ಲಿ ನನ್ನನ್ನು ಬಿಟ್ಟು ಬೇರೆ ಯಾರ ಕಾಲೂ ಎಳೆಯೋದಿಲ್ಲ.

ಸರಿ, ತಡಕೊಳ್ಳೋದು ಹೇಗೆ? ಮಾತು ಬಾಯಿಗೆ ಬಂದುಬಿಡುತ್ತೆ!

ಬರುತ್ತೆ. ಸೀನು ಬಂದಂಗೆ. ಅದು ಬರದ ಹಾಗೆ ಮಾಡೋ ಔಷಧ ನನ್ನ ಹತ್ತಿರ ಇಲ್ಲ, ಇದ್ದಿದ್ದರೆ ನಾನೇ ಕುಡಿದು ಸಪ್ಪೆ ಆಗಿರುತ್ತಿದ್ದೆ.

ಆದರೆ ನನಗೆ ದುರ್ಗದ ಬೈಲಿನಲ್ಲಿ ಒಂದು ಉಪಾಯ ಸಿಕ್ಕಿತು. ಸಂಜೆ ಅಲ್ಲಿ ನಾವು ನಾಲ್ಕೈದು ಜನ ಗಿರ್ಮಿಟ್, ಮಿರ್ಚಿ ತಿನ್ನೋಕೆ ಸೇರುತ್ತೇವೆ. ಯಾರೋ ಒಬ್ಬ ತನ್ನ ಸಂಬಳದ ಬಗ್ಗೆಯೋ ಹೆಂಡತಿಯ ತವರಿನ ಬಗ್ಗೆಯೋ ಏನೋ ಅಂದ, ತಕ್ಷಣ ನನಗೆ ಮಾತು ಎದ್ದಿತು. ಅದೇ ಹೊತ್ತಿಗೆ ಬಾಯಲ್ಲಿ ಮಿರ್ಚಿ ಇತ್ತು, ಬಿಸಿ, ಒಳಗಿನ ಮೆಣಸಿನಕಾಯಿ ಬೇರೆ ಸುಡುತ್ತಿತ್ತು. ನುಂಗಿ ಮುಗಿಸುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು. ಜೋಕು ಹಾಗೇ ಒಳಗೆ ಉಳೀತು. ಏನೂ ಆಗಲಿಲ್ಲ! ಯಾರಿಗೂ ಏನೂ ಕಡಿಮೆ ಬೀಳಲಿಲ್ಲ, ಸಂಜೆ ಚೆನ್ನಾಗೇ ಕಳೀತು. ಮಿರ್ಚಿ ಐದು ನಿಮಿಷ ಬಿಸಿ ಇರುತ್ತೆ, ಜೋಕು ಐದು ಸೆಕೆಂಡು. ಅಷ್ಟು ಹೊತ್ತು ಬಾಯಿಗೆ ಏನಾದರೂ ಕೆಲಸ ಕೊಟ್ಟರೆ ಸಾಕು. ಚಹಾ ಆದರೂ ಸರಿ, ಎಲೆ ಅಡಿಕೆ ಆದರೂ ಸರಿ.

ಆ ಐದು ಸೆಕೆಂಡಿನಲ್ಲಿ ನಾನು ನೋಡಿಕೊಳ್ಳೋದು ಒಂದನ್ನೇ. ಈ ಜೋಕಿನ ಸಾಮಾನು ನನಗೆ ಎಲ್ಲಿಂದ ಬಂತು? ಎಲ್ಲರೂ ನೋಡಿದ್ದಾ, ಅಥವಾ ಅವನು ನಂಬಿ ಹೇಳಿದ್ದಾ? ನಂಬಿ ಹೇಳಿದ್ದಾದರೆ ನುಂಗು. ಸಂಕಟ ಏನಂದರೆ, ಅತಿ ಚೆನ್ನಾಗಿ ಕೂರುವ ಜೋಕುಗಳೆಲ್ಲ ಅಲ್ಲಿಂದಲೇ ಬರುತ್ತವೆ. ಗುರುತಿಲ್ಲದವನ ಮೇಲೆ ಅಷ್ಟು ಚಲೋ ಜೋಕು ಮಾಡೋಕೆ ಆಗೋದೇ ಇಲ್ಲ. ಅವನ ಅಂಜಿಕೆ ಏನು, ಎಲ್ಲಿ ಮುಟ್ಟಿದರೆ ನೋಯುತ್ತೆ ಅಂತ ದೋಸ್ತನಿಗೆ ಮಾತ್ರ ಗೊತ್ತಿರುತ್ತೆ.

ಇನ್ನೊಂದು ಅವತ್ತಿನ ಪಂಕ್ತಿಯಿಂದ ಕಲಿತದ್ದು. ನಾನು ನಗಿಸೋಕೆ ಹೋದದ್ದು ಅವನನ್ನಲ್ಲ, ಎದುರು ಸಾಲಿನವರನ್ನು. ಅವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಹಿಂಗಾದ್ರೆ ಹರಟೆಗೆ ಏನು ಉಳೀತು? ಎಲ್ಲರೂ ಮುಖ ಗಂಟು ಹಾಕಿಕೊಂಡು ಕೂರೋದಾ?

ಜಗತ್ತಿನಲ್ಲಿ ನಗೋಕೆ ಬರ ಇಲ್ಲ. ನನ್ನ ಹೊಟ್ಟೆ ಇದೆ, ನನ್ನ ಸ್ಕೂಟರ್ ಇದೆ, ಮಳೆ ಬಂದಾಗ ನಮ್ಮ ಓಣಿಯ ರಸ್ತೆ ಇದೆ. ಉಣಕಲ್ ಕೆರೆ ದಂಡೆಯಲ್ಲಿ ವಾಕಿಂಗ್ ಅಂತ ಹೊರಟು ಮೊದಲ ಬೆಂಚಿಗೇ ಕೂತುಬಿಡುವ ನಮ್ಮ ಗುಂಪು ಇದೆ. ನಗೆ ಕಡಿಮೆ ಮಾಡಿ ಅಂತ ನಾನು ಹೇಳಿಲ್ಲ. ಸಾಮಾನು ಬೇರೆ ಕಡೆಯಿಂದ ತನ್ನಿ ಅಂದೆ, ಅಷ್ಟೇ. ಮೊದಮೊದಲು ಸ್ವಲ್ಪ ಸಪ್ಪೆ ಅನ್ನಿಸುತ್ತೆ ಅನ್ನೋದು ನಿಜ.

ಅವನು ಅತಿ ಸೂಕ್ಷ್ಮ ಇದ್ರೆ ಅದು ನನ್ನ ತಪ್ಪಾ?

ತಪ್ಪು ಅಲ್ಲ. ಆದರೆ ಗೊತ್ತಿದ್ದೂ ಕೈ ಹಾಕಿದರೆ ತಪ್ಪು. ಒಬ್ಬನಿಗೆ ಖಾರ ಆಗೋದಿಲ್ಲ ಅಂದರೆ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಭಾಷಣ ಮಾಡುತ್ತಾ ಕೂರುತ್ತೀರಾ, ಅವನಿಗೆ ಮೊಸರು ಹಾಕುತ್ತೀರಾ?

ನಾನು ಜೋಕು ಮಾಡಿದವನಲ್ಲ, ಪಕ್ಕದಲ್ಲಿ ಕೂತು ನಕ್ಕವನು.

ನೀವು ನಗದಿದ್ದರೆ ನಾನು ಎರಡನೇ ಜೋಕಿಗೆ ಹೋಗುತ್ತಿರಲಿಲ್ಲ. ಹೌದು, ಅವತ್ತು ಎರಡನೆಯದೂ ಇತ್ತು. ಅದು ನನ್ನ ದೋಸ್ತ ತೆಗೆಸಿದ ಸಾಲುಗಳಲ್ಲಿ ಸೇರಿದೆ.

ನನ್ನ ಮೇಲೇ ಯಾರಾದರೂ ಹೀಗೆ ಮಾಡಿದರೆ?

ಅಲ್ಲೇ ಎಲ್ಲರ ಮುಂದೆ ಹೇಳೋಕೆ ಹೋದರೆ ಅದೂ ಒಂದು ಜೋಕಾಗುತ್ತೆ, "ನೋಡ್ರಲೇ, ಸಾಹೇಬ್ರಿಗೆ ಸಿಟ್ಟು ಬಂತು" ಅಂತ. ಮರುದಿನ ಒಬ್ಬನೇ ಸಿಕ್ಕಾಗ ಹೇಳಿ, ಇಂಥ ಮಾತು ಬೇಡ ಅಂತ ಆ ಮಾತನ್ನೇ ಎತ್ತಿ ಹೇಳಿ. ಒಳ್ಳೆಯವನಾದರೆ ನಾಚುತ್ತಾನೆ. ಮತ್ತೂ ಮಾಡಿದರೆ ಅವನಿಗೆ ನಿಮಗಿಂತ ಆ ನಾಲ್ಕು ಜನರ ನಗು ಮುಖ್ಯ ಅಂತ ಗೊತ್ತಾಯಿತಲ್ಲ. ನನ್ನ ದೋಸ್ತ ಹೇಳಲಿಲ್ಲ, ಸುಮ್ನೆ ಹೋಗಿಬಿಟ್ಟ. ಹಾಗೆ ಹೋಗುವುದಕ್ಕೂ ಹಕ್ಕಿದೆ.

ಕ್ಷಮೆ ಕೇಳೋದು ಹೇಗೆ?

ಹೇಗೆ ಕೇಳಬಾರದು ಅಂತ ಹೇಳುತ್ತೇನೆ, ಅದರಲ್ಲಿ ನನಗೆ ಅನುಭವ ಜಾಸ್ತಿ. ಮೊದಲು ವಾಟ್ಸಾಪಿನಲ್ಲಿ ಕೈ ಮುಗಿಯುವ ಕೋತಿಯ ಸ್ಟಿಕರ್ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆಮೇಲೆ "ಸುಮ್ನ ಅಂದೆ ದೋಸ್ತ, ಮನಸಿಗೆ ಹಚ್ಕೋಬ್ಯಾಡ" ಅಂತ ಬರೆದೆ. ಇದರ ಅರ್ಥ ತಪ್ಪು ನಿನ್ನದೇ, ನೀನು ಹಚ್ಚಿಕೊಂಡೆ ಅಂತ. ಇದಕ್ಕೂ ಉತ್ತರ ಇಲ್ಲ. ನಂತರ ಇನ್ನೊಬ್ಬ ದೋಸ್ತನನ್ನು ನಡುವೆ ಹಾಕಿದೆ. ಅದು ಎಲ್ಲಕ್ಕಿಂತ ದಡ್ಡ ಕೆಲಸ, ಯಾಕೆಂದರೆ ಅವನ ಗುಟ್ಟು ಮತ್ತೊಬ್ಬನ ಬಾಯಿಗೆ ಹೋಯಿತು.

ಕೊನೆಗೆ ಒಂದು ಭಾನುವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಬರಿಗೈಲಿ ಹೋಗಬಾರದು ಅಂತ ಲೈನ್ ಬಜಾರಿನಲ್ಲಿ ಇಳಿದು ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡೆ. ರೂಮಿನ ಕೆಳಗೆ ನಿಂತು ಫೋನ್ ಮಾಡಿದೆ. ಬರೋದಿಲ್ಲ ಅಂದುಕೊಂಡಿದ್ದೆ, ಇಳಿದು ಬಂದ. ತೆಳ್ಳಗಾಗಿದ್ದ. ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಪೇಡೆ ಡಬ್ಬಿ ನೋಡಿದ.

"ಪೇಡೆ ಯಾಕ ತಂದಿ? ನನ್ನ ರಿಸಲ್ಟ್ ಬಂತೇನು?"

ಧಾರವಾಡದಲ್ಲಿ ಪೇಡೆ ಹಂಚೋದು ಪಾಸಾದಾಗ. ಅದು ನನ್ನ ತಲೆಗೇ ಹೋಗಿರಲಿಲ್ಲ. ನಿಜ ಹೇಳಬೇಕಂದರೆ ಅವನು ಹಾಗಂದ ತಕ್ಷಣ ನನಗೆ ನಾಲ್ಕು ಉತ್ತರ ಹೊಳೆದವು, ನಾಲ್ಕೂ ಚೆನ್ನಾಗಿದ್ದವು, ಒಂದನ್ನು ಆಡಿದ್ದರೂ ಅವನು ನಕ್ಕುಬಿಡುತ್ತಿದ್ದನೇನೋ. ಬಾಯಲ್ಲಿ ಮಿರ್ಚಿ ಇರಲಿಲ್ಲ. ಹಂಗೇ ನುಂಗಿದೆ.

"ನಿಮ್ಮಪ್ಪನ ಮುಂದ ನಾ ಹಂಗ ಅನ್ನಬಾರದಿತ್ತು. ನೀ ನನಗ ನಂಬಿ ಹೇಳಿದ್ದಿ" ಅಂದೆ. ಅಷ್ಟೇ ಅಂದೆ. ಆದರೆ, ಹೋದರೆ ಅಂತ ಮುಂದಕ್ಕೆ ಏನೂ ಸೇರಿಸಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀ ಅಂದಿದ್ದು ಸುಳ್ಳೇನ ಇರಲಿಲ್ಲ. ನಾನ ಹೇಳಬೇಕಿತ್ತು ಅವರಿಗೆ, ಅಷ್ಟ. ಅದನ್ನೂ ನೀನ ಹೇಳಿಬಿಟ್ಟಿ" ಅಂದ. ಮೂಲೆಯ ಅಂಗಡಿಯಲ್ಲಿ ಚಹಾ ಕುಡಿದೆವು. ರೊಕ್ಕ ಅವನೇ ಕೊಟ್ಟ. ಪೇಡೆ ಡಬ್ಬಿ ನಾನು ವಾಪಸ್ ಹುಬ್ಬಳ್ಳಿಗೆ ತಂದೆ.

ಈಗ ಮೊದಲಿನ ಹಾಗೇ ಇದ್ದೀರಾ?

ಇಲ್ಲ. ಸಿಗುತ್ತೇವೆ, ಮಾತಾಡುತ್ತೇವೆ, ಲೇ ಮಗನ ಕೂಡ ವಾಪಸ್ ಬಂದಿದೆ. ಆದರೆ ಅವನ ಮನೆಯ ಸುದ್ದಿ ನನಗೆ ಎಲ್ಲರ ಜೊತೆಗೇ ಗೊತ್ತಾಗುತ್ತೆ, ಮೊದಲು ಅಲ್ಲ. ತಂಗಿಯ ಮದುವೆ ಗಟ್ಟಿಯಾದದ್ದು ಗ್ರೂಪಿನಲ್ಲೇ ನೋಡಿದೆ.

ಓದೋದು ಬಿಟ್ಟಿದ್ದಾನೆ. ಅಲ್ಲೇ ಸಪ್ತಾಪುರದಲ್ಲಿ ಒಂದು ಮಹಡಿ ಹಿಡಿದು, ಕುರ್ಚಿ ಟೇಬಲ್ ಹಾಕಿಸಿ, ಓದೋ ಹುಡುಗರಿಗೆ ರೀಡಿಂಗ್ ರೂಮ್ ಮಾಡಿದ್ದಾನೆ. ತಿಂಗಳಿಗೆ ಇಷ್ಟು ಅಂತ ಕೊಟ್ಟು ಬಂದು ಕೂತು ಓದುತ್ತಾರೆ. ಆ ಸುದ್ದಿ ಕೇಳಿದ ದಿನವೇ ನನ್ನ ತಲೆಯಲ್ಲಿ ಒಂದು ಜೋಕು ಹುಟ್ಟಿತ್ತು, ಎಂಟು ತಿಂಗಳು ಒಳಗೇ ಇಟ್ಟುಕೊಂಡಿದ್ದೆ, ಮನೆಯಲ್ಲಿ ಕೂಡ ಹೇಳಿರಲಿಲ್ಲ.

ಹೋದ ತಿಂಗಳು ದುರ್ಗದ ಬೈಲಿಗೆ ಅವನೂ ಬಂದಿದ್ದ. ಹೊಸಬನೊಬ್ಬ ಗುಂಪಿನಲ್ಲಿದ್ದ, ನೀವೇನು ಮಾಡ್ತೀರಿ ಅಂತ ಅವನನ್ನು ಕೇಳಿದ. ನಾನು ಗಿರ್ಮಿಟ್ ಪ್ಲೇಟಿನ ಕಡೆ ನೋಡುತ್ತಾ ನಿಂತೆ.

"ಮೊದಲ ಬಾಡಿಗಿ ತುಂಬತಿದ್ದೆ. ಈಗ ತುಂಬಿಸ್ಕೋತೀನಿ" ಅಂದ.

ಎಲ್ಲರೂ ನಕ್ಕರು. ಅವನು ನನ್ನ ಕಡೆ ನೋಡಿದ. ಆಮೇಲೆ ನಾನು ನಕ್ಕೆ.